ನಿಮ್ಮ ಹೆಸರಿಗೆ ಬಂದ ದಂಡ

ಮೌನಿಕಾಳ ಅಪ್ಪನವರಿಗೆ,

ನಿಮ್ಮ ಮೇಲೆ ಪೊಲೀಸಿನವರು ದಂಡ ಹಾಕಿದ್ದಾರೆ. ಗಾಬರಿಯಾಗಬೇಡಿ, ಕಟ್ಟಿ ಬಂದಿದ್ದೇನೆ. ಆದರೆ ಯಾತಕ್ಕೆ ಹಾಕಿದರು ಅಂತ ಕೇಳಿದರೆ ಇದ್ದಲ್ಲಿಂದಲೇ ಎದ್ದು ಕೂರುತ್ತೀರಿ. ಅತಿವೇಗಕ್ಕೆ. ನಮ್ಮ ಓಮ್ನಿಗೆ ನಾಲ್ಕನೇ ಗೇರು ಇದೆ ಅನ್ನುವುದನ್ನೇ ಮರೆತವರ ಹಾಗೆ ಓಡಿಸುತ್ತಿದ್ದ ನಿಮಗೆ! ಮುಳಬಾಗಿಲಿನಿಂದ ಕೋಲಾರಕ್ಕೆ ಹೋಗುವ ಹೆದ್ದಾರಿಯಲ್ಲಿ ಅರವತ್ತರ ಮಿತಿ ಇರುವ ಕಡೆ ಎಂಬತ್ತೆರಡರಲ್ಲಿ ಹೋದಿರಂತೆ. ಫೋಟೋ ಸಮೇತ ಕಳಿಸಿದ್ದಾರೆ. ನೀವು ತೀರಿಕೊಂಡು ವರ್ಷದ ಮೇಲಾಯಿತು ಅನ್ನುವುದು ಕಂಬದ ಮೇಲಿನ ಕ್ಯಾಮೆರಾಕ್ಕೆ ಹೇಗೆ ಗೊತ್ತಾಗಬೇಕು.

ಮೆಸೇಜು ಬಂದದ್ದು ನಿಮ್ಮ ಫೋನಿಗೆ. ಅದನ್ನು ನಾನು ಆರಿಸಿಲ್ಲ. ತಾಯಲೂರು ಸುತ್ತಿನ ರೈತರೆಲ್ಲ ಇನ್ನೂ ಅದೇ ನಂಬರಿಗೆ ಫೋನು ಮಾಡಿ, "ಅಕ್ಕಾ, ನಮ್ಗೆ ಹುಳ ಯಾವತ್ತು ಕೊಡ್ತೀರಾ?" ಅಂತ ಕೇಳುತ್ತಾರೆ. ಚಾಕಿ ಮನೆಯನ್ನು ನಾನು ನಿಲ್ಲಿಸಿಲ್ಲ. ಮೊಟ್ಟೆಯೊಡೆದ ರೇಷ್ಮೆಹುಳುಗಳನ್ನು ಎರಡನೇ ಜ್ವರ ಎದ್ದು ಪೊರೆ ಬಿಡುವ ತನಕ ಸಾಕಿ, ತಟ್ಟೆಗಳಲ್ಲಿ ರೈತರ ಮನೆಗೆ ಮುಟ್ಟಿಸುವ ಕೆಲಸ ನೀವಿದ್ದಾಗ ಹೇಗೆ ನಡೆಯುತ್ತಿತ್ತೋ ಹಾಗೇ ನಡೆಯುತ್ತಿದೆ. ಸೊಪ್ಪು ಕತ್ತರಿಸುವುದು ಮುನಿಯಲ್ಲಮ್ಮ, ಗಾಡಿ ಓಡಿಸುವುದು ನಾನು.

ಭಾನುವಾರ ಮಾಲೂರಿನಿಂದ ಬಂದಿದ್ದ ಮೌನಿಕಾ ಆ ಮೆಸೇಜು ಓದಿದವಳೇ ನಗಲಿಕ್ಕೆ ಶುರು ಮಾಡಿದಳು. "ಅಮ್ಮಾ, ಅಪ್ಪಂಗೆ ಓವರ್‌ಸ್ಪೀಡ್ ಅಂತೆ ಕಣಮ್ಮಾ." ಮುನಿಯಲ್ಲಮ್ಮ ಕತ್ತಿ ಕೆಳಗಿಟ್ಟು, "ಆ ಸಾಮಿ ಸೈಕಲ್ಲಿಗೂ ದಾರಿ ಬಿಡ್ತಿದ್ದೋರು ಕಣವ್ವ" ಅಂತ ತಾನೂ ನಕ್ಕಳು. ಫೋಟೋದಲ್ಲಿ ಗಾಡಿಯ ಹಿಂಭಾಗ ಚೆನ್ನಾಗಿ ಕಾಣುತ್ತಿತ್ತು. ನೀವು ಕೆಂಪು ಬಣ್ಣದಲ್ಲಿ ಬರೆಸಿದ್ದ "ಒಳಗೆ ಹುಳು ಇದೆ, ಹಾರ್ನ್ ಮಾಡಬೇಡಿ" ಅನ್ನುವ ಅಕ್ಷರವೂ ಕಾಣುತ್ತಿತ್ತು. ಅದನ್ನು ನೋಡಿ ಇಬ್ಬರೂ ಇನ್ನಷ್ಟು ನಕ್ಕರು. ಆಮೇಲೆ ಮೌನಿಕಾ ನನ್ನ ಮುಖ ನೋಡಿ ಫೋನು ಕೆಳಗಿಟ್ಟಳು. ಗಾಡಿ ಓಡಿಸುವವರು ಮನೆಯಲ್ಲಿ ಇನ್ಯಾರೂ ಇಲ್ಲವಲ್ಲ.

ನಿಮ್ಮ ನಿಧಾನ ಊರಿಗೇ ಗೊತ್ತಿದ್ದದ್ದು. ತಟ್ಟೆ ಜೋಡಿಸಿಕೊಂಡು ಹೋಗುವಾಗ ಗಾಡಿ ಕುಲುಕಬಾರದು, ಕುಲುಕಿದರೆ ಹುಳು ಒಂದರ ಮೇಲೊಂದು ಬಿದ್ದು ಆ ದಿನ ಸೊಪ್ಪು ಮುಟ್ಟುವುದಿಲ್ಲ ಅನ್ನುತ್ತಿದ್ದಿರಿ. ಸರಿ, ಒಪ್ಪಿದೆ. ಆದರೆ ತಟ್ಟೆ ಇಳಿಸಿ ಬರುವಾಗಲೂ ಅದೇ ನಲವತ್ತು ಯಾಕೆ? ಹಿಂದೆ ನಾನೊಬ್ಬಳೇ ಕೂತಿದ್ದರೂ ಅದೇ ನಲವತ್ತು. "ನಾನೇನು ಹುಳವಾ?" ಅಂತ ಜಗಳ ತೆಗೆದರೆ, "ಹುಳಕ್ಕಿಂತ ನಾಜೂಕು ನೀನು" ಅಂತ ನಗುತ್ತಿದ್ದಿರಿ. ಟ್ರ್ಯಾಕ್ಟರುಗಳು ನಮ್ಮನ್ನು ಹಿಂದೆ ಹಾಕಿ ಹೋಗುತ್ತಿದ್ದವು. ಶ್ರೀನಿವಾಸಪುರಕ್ಕೆ ಮದುವೆಗೆ ಹೊರಟರೆ ಊಟದ ಎಲೆ ಎತ್ತುವ ಹೊತ್ತಿಗೆ ಮುಟ್ಟುತ್ತಿದ್ದೆವು. ನಾನು ಮುಖ ಊದಿಸಿಕೊಂಡು ಕೂತರೆ ನೀವು, "ಮೆಲ್ಲಗ ಪೋದಾಂ, ಸುನಂದಾ" ಅನ್ನುತ್ತಿದ್ದಿರಿ. ನಿಮಗೆ ಪ್ರೀತಿ ಬಂದರೂ ತೆಲುಗು, ಭಯವಾದರೂ ತೆಲುಗು. ಮೆಲ್ಲಗೆ ಹೋಗೋಣ ಅನ್ನುವ ಆ ಮಾತು ಕೇಳಿ ಕೇಳಿ ನನಗೆ ಮೈಯೆಲ್ಲ ಉರಿಯುತ್ತಿತ್ತು.

ನಿಮಗಿಂತ ನಾನು ಜೋರು ಅಂತ ತೋರಿಸುವ ಹಟದಲ್ಲೇ ಗಾಡಿ ಕಲಿಯುತ್ತೇನೆ ಅಂದದ್ದು. ನೀವು ಇಲ್ಲ ಅನ್ನಲಿಲ್ಲ. ಆ ಬೇಸಿಗೆಯಲ್ಲಿ ಕೆರೆ ಪೂರ್ತಿ ಒಣಗಿತ್ತು. ದಿನಾ ಸಂಜೆ ಕೆರೆಯ ಅಂಗಳಕ್ಕೆ ಗಾಡಿ ಇಳಿಸಿ ಕೂರಿಸಿಕೊಂಡು ಕಲಿಸಿದಿರಿ. ಐವತ್ತು ದಾಟಿದ ಹೆಂಗಸು ಸ್ಟೇರಿಂಗು ಹಿಡಿದದ್ದನ್ನು ನೋಡಲು ಕಟ್ಟೆಯ ಮೇಲೆ ಜನ ಸೇರುತ್ತಿದ್ದರು. ಗಾಡಿ ಜಿಗಿದು ಜಿಗಿದು ನಿಲ್ಲುತ್ತಿತ್ತು. ನೀವು ಒಂದು ದಿನವೂ ಬೈಯಲಿಲ್ಲ. ಕೊನೆಗೆ ಒಂದು ಸಂಜೆ ಅದು ಮಾತು ಕೇಳಿ ಸಲೀಸಾಗಿ ಮುಂದಕ್ಕೆ ಹೋದಾಗ ನೀವು ಹೇಳಿದ್ದು ನೆನಪಿದೆಯಾ? "ಕ್ಲಚ್ ಬಿಡೋದು ಕಲ್ತೆ. ಇನ್ ನನ್ ಹೆಸರ್ ಹಿಡ್ದು ಕರಿಯೋದೊಂದು ಕಲ್ತುಬಿಡು, ಲೈಸೆನ್ಸ್ ಕೊಟ್ಬಿಡ್ತೀನಿ."

ನಾನು ನಕ್ಕು ಮಾತು ಹಾರಿಸಿದೆ. ಮದುವೆಯಾಗಿ ನಿಮ್ಮ ಮನೆಗೆ ಬಂದ ದಿನವೂ ಹೆಸರು ಹೇಳಿರಲಿಲ್ಲ. ನಿಮ್ಮಕ್ಕ ಶಾಮಲಮ್ಮ ಹೊಸಿಲಲ್ಲಿ ಅಡ್ಡ ನಿಂತು, ಗಂಡನ ಹೆಸರು ಹೇಳಿದರೇ ಒಳಗೆ ಬಿಡುವುದು ಅಂತ ಹಟ ಹಿಡಿದಿದ್ದರು. ಎಲ್ಲ ಮನೆಗಳಲ್ಲೂ ಆಡುವ ಆಟ ಅದು, ಎಲ್ಲ ಹುಡುಗಿಯರೂ ನಾಚಿಕೊಂಡು ಹೇಳಿಬಿಡುತ್ತಾರೆ. ನನ್ನ ಬಾಯಿ ಮಾತ್ರ ತೆರೆಯಲಿಲ್ಲ. ಹೆಂಡತಿ ಗಂಡನ ಹೆಸರು ಹೇಳಿದರೆ ಅವನ ಆಯಸ್ಸು ಸವೆಯುತ್ತದೆ ಅಂತ ನಮ್ಮಜ್ಜಿ ತಲೆಗೆ ತುಂಬಿದ್ದರು. ಹೊಸಿಲಲ್ಲಿ ನಿಂತು ನಿಂತು ನನಗೆ ಅಳುವೇ ಬಂತು. ಆಗ ನೀವು, "ದಾರಿ ಬಿಡಕ್ಕಾ, ಅವಳಿಗೆ ಮನಸ್ಸು ಬಂದಾಗ ಹೇಳ್ತಾಳೆ" ಅಂದಿರಿ. ಅಲ್ಲಿಂದ ಇಲ್ಲಿಯವರೆಗೆ ನೀವು ನನಗೆ ರೀ, ಇವರು, ನಮ್ಮ ಯಜಮಾನರು, ಮೌನಿಕಾಳ ಅಪ್ಪ. ಬ್ಯಾಂಕಿನಲ್ಲಿ, ಪಂಚಾಯತಿಯಲ್ಲಿ ಯಾರಾದರೂ ಗಂಡನ ಹೆಸರು ಕೇಳಿದರೆ ನಿಮ್ಮ ಆಧಾರ್ ಕಾರ್ಡು ಮುಂದಕ್ಕೆ ತಳ್ಳಿ ಸುಮ್ಮನೆ ನಿಲ್ಲುವುದು ನನಗೆ ರೂಢಿಯಾಯಿತು. ನಿಮ್ಮ ಆಯಸ್ಸನ್ನು ಹಾಗೆ ಕಾಪಾಡುತ್ತಿದ್ದೇನೆ ಅಂದುಕೊಂಡಿದ್ದೆ.

ಆ ದಿನದ ಮಾತು ನಿಮ್ಮ ಹತ್ತಿರ ಆಡಿಯೇ ಇಲ್ಲ. ಬೆಳಿಗ್ಗೆ ತಟ್ಟೆಗಳಿಗೆ ಸೊಪ್ಪು ಹಾಕುತ್ತಿದ್ದವರು ಎದೆ ಹಿಡಿದುಕೊಂಡು ಕೂತುಬಿಟ್ಟಿರಿ. ಆಂಬುಲೆನ್ಸು ಬೇರೆ ಊರಿಗೆ ಹೋಗಿತ್ತು, ಬರುವುದು ತಡವಾಗುತ್ತದೆ, ಎದೆನೋವಾದರೆ ಕೋಲಾರಕ್ಕೇ ಕರೆದುಕೊಂಡು ಹೋಗಿ ಅಂದರು. ನಾನೂ ಮುನಿಯಲ್ಲಮ್ಮನೂ ಸೇರಿ ನಿಮ್ಮನ್ನು ಓಮ್ನಿಯ ಹಿಂದೆ, ತಟ್ಟೆ ಇಡುವ ಜಾಗದಲ್ಲಿ ಮಲಗಿಸಿದೆವು. ಹೆದ್ದಾರಿಯಲ್ಲಿ ನಾನು ಗಾಡಿ ಓಡಿಸಿದ್ದು ಅದೇ ಮೊದಲು. ಮುಳಬಾಗಿಲು ದಾಟಿದ ಮೇಲೆ ಕಾಲು ಒತ್ತೋಣ ಅಂತ ನೋಡಿದೆ. ಹಿಂದಿನಿಂದ ನಿಮ್ಮ ದನಿ ಬಂತು. "ಮೆಲ್ಲಗ... ಮೆಲ್ಲಗ ಪೋ, ಸುನಂದಾ." ಕುಲುಕಿದರೆ ನಿಮಗೆ ನೋವಾಗುತ್ತದೇನೋ ಅಂದುಕೊಂಡೆ. ನಾನು ಹೊಸಬಳು ಅಂತ ನನಗೋಸ್ಕರ ಹೇಳಿದಿರೋ ಏನೋ. ಇವತ್ತಿಗೂ ಗೊತ್ತಿಲ್ಲ. ಕಾಲು ಸಡಿಲ ಬಿಟ್ಟೆ. ಲಾರಿಗಳು, ಬಸ್ಸುಗಳು, ಕೊನೆಗೆ ಟೊಮೆಟೊ ಹೇರಿದ ಗಾಡಿಗಳು ಕೂಡ ನಮ್ಮನ್ನು ಹಿಂದೆ ಹಾಕಿ ಹೋದವು. ನಾನು ನಲವತ್ತರಲ್ಲೇ ಹೋದೆ. ಸ್ವಲ್ಪ ಹೊತ್ತಿಗೆ ನಿಮ್ಮ ನರಳಾಟ ನಿಂತಿತು. ನಿದ್ದೆ ಹತ್ತಿರಬೇಕು, ನೋವು ಕಮ್ಮಿಯಾಗಿರಬೇಕು ಅಂತ ನನಗೆ ಸಮಾಧಾನವಾಯಿತು ಅಂದರೆ ನಂಬುತ್ತೀರಾ?

ಕೋಲಾರದ ಆಸ್ಪತ್ರೆಯಲ್ಲಿ ಡಾಕ್ಟರು, ಇನ್ನೂ ಸ್ವಲ್ಪ ಮುಂಚೆ ತಂದಿದ್ದರೆ ಏನಾದರೂ ಮಾಡಬಹುದಿತ್ತು ಅಂದರು. ಡಾಕ್ಟರುಗಳು ಎಲ್ಲರಿಗೂ ಹಾಗೇ ಹೇಳುತ್ತಾರೆ ಅಂತ ಮೌನಿಕಾ ಇವತ್ತಿಗೂ ಸಮಾಧಾನ ಮಾಡುತ್ತಾಳೆ. ಒಳಗೆ ನಿಮ್ಮ ಮೈತುಂಬ ವೈರು ಹಾಕಿ ಮಲಗಿಸಿದ್ದರು. ನರ್ಸಮ್ಮ ಒಳ್ಳೆಯವಳು. ನನ್ನನ್ನು ಹತ್ತಿರ ಕರೆದು, "ಹೆಸ್ರು ಹಿಡ್ದು ಕೂಗಿ ಅಮ್ಮಾ. ಕೆಲವ್ರಿಗೆ ಅವ್ರ ಹೆಸರು ಕೇಳ್ಸುತ್ತೆ, ಕಣ್ ಬಿಡ್ತಾರೆ" ಅಂದಳು. ನಾನು ನಿಮ್ಮ ಕಿವಿಯ ಹತ್ತಿರ ಬಗ್ಗಿದೆ. "ರೀ" ಅಂದೆ. "ರೀ, ಇಲ್ಲಿ ನೋಡಿ" ಅಂದೆ. ಆ ವಾರ್ಡಿನಲ್ಲಿ ಇನ್ನೂ ಎಷ್ಟು ಹೆಂಗಸರು ಯಾರ್ಯಾರನ್ನು ರೀ ಅಂತ ಕರೆಯುತ್ತಿದ್ದರೋ. ಅದರಲ್ಲಿ ನನ್ನದು ಯಾವುದು ಅಂತ ನಿಮಗೆ ಹೇಗೆ ತಿಳಿಯಬೇಕು. "ಹೆಸ್ರು ಹೇಳಿ ಅಮ್ಮಾ" ಅಂತ ನರ್ಸಮ್ಮ ಮತ್ತೆ ಅಂದಳು. ಆಯಸ್ಸು ಸವೆಯುತ್ತದೆ ಅನ್ನುವ ಭಯ ಆ ಹೊತ್ತಿನಲ್ಲೂ ನನ್ನ ಗಂಟಲು ಹಿಡಿದುಕೊಂಡಿತ್ತು. ನೀವು ಕಣ್ಣು ಬಿಡಲಿಲ್ಲ.

ಮೆಲ್ಲಗೆ ಹೋಗು ಅಂದಿರಿ, ಕೇಳಿದೆ. ಹೆಸರು ಹಿಡಿದು ಕರೆ ಅಂದಿರಿ, ಕೇಳಲಿಲ್ಲ. ಎರಡೂ ಅದಲುಬದಲಾಗಬೇಕಿತ್ತು. ಈ ವರ್ಷವೆಲ್ಲ ಒಲೆಯ ಮುಂದೆ, ಹಿಪ್ಪುನೇರಳೆ ತೋಟದಲ್ಲಿ ಇದೊಂದನ್ನೇ ನೆನೆದು ಕೊರಗಿದ್ದೇನೆ.

ಈಗ ದಂಡದ ವಿಷಯಕ್ಕೆ ಬರುತ್ತೇನೆ. ಹೋದ ತಿಂಗಳು ಆವನಿ ಕಡೆಯ ಒಬ್ಬ ರೈತನಿಗೆ ಹುಳು ಇಳಿಸಿ, ತಟ್ಟೆಗೆ ಹಾಸುವ ಕಾಗದ ತರಲು ಹಾಗೇ ಕೋಲಾರಕ್ಕೆ ಹೊರಟಿದ್ದೆ. ಗಾಡಿ ಖಾಲಿ ಇತ್ತು. ಈ ಒಂದು ವರ್ಷ ಆ ರಸ್ತೆಯಲ್ಲಿ ನಾನೂ ನಿಮ್ಮ ಹಾಗೇ ನಲವತ್ತರಲ್ಲಿ ಹೋಗಿ ಬರುತ್ತಿದ್ದವಳು. ಆ ದಿನ, ನಿಮ್ಮ ನರಳಾಟ ನಿಂತ ಜಾಗ ಬಂದಾಗ, ಹಿಂದಿನಿಂದ ಯಾರೂ ಏನೂ ಅನ್ನಲಿಲ್ಲ. ಕಾಲು ತಾನಾಗಿ ಒತ್ತಿತು. ಗಾಡಿ ನಡುಗಿತು, ಖಾಲಿ ತಟ್ಟೆಗಳು ಹಿಂದೆ ಗಲಗಲ ಅಂದವು, ನಾನು ಒತ್ತುತ್ತಲೇ ಹೋದೆ. ಲಾರಿಗಳನ್ನು ಹಿಂದೆ ಹಾಕಿದೆ. ಬೇಗ ಬೇಗ ಬೇಗ ಅಂತ ಬಾಯಿಬಿಟ್ಟು ಅಂದುಕೊಳ್ಳುತ್ತಿದ್ದೆ. ನಿಮ್ಮನ್ನು ಹಿಂದೆ ಮಲಗಿಸಿಕೊಂಡಿದ್ದೇನೆ ಅನ್ನುವ ಹಾಗೆ ಆಸ್ಪತ್ರೆಯ ಗೇಟಿನ ತನಕ ಹೋಗಿ ನಿಲ್ಲಿಸಿದೆ. ಎಷ್ಟು ಬೇಗ ಬಂದೆ ಅಂತ ಗಡಿಯಾರ ನೋಡಲಿಲ್ಲ. ನೋಡುವ ಧೈರ್ಯ ನನಗಿರಲಿಲ್ಲ.

ಕ್ಯಾಮೆರಾ ನೋಡಿತ್ತು. "ಫೋನಲ್ಲೇ ಕಟ್ಬಿಡ್ತೀನಿ ಬಿಡಮ್ಮಾ, ಒಂದ್ ನಿಮಿಷದ ಕೆಲ್ಸ" ಅಂದಳು ಮೌನಿಕಾ. ನಾನು ಬೇಡ ಅಂದೆ. ನೀವು ಮಾಡದ ತಪ್ಪಿಗೆ ನಿಮ್ಮ ಹೆಸರಲ್ಲಿ ದಂಡ ಕಟ್ಟಿಬಿಟ್ಟರೆ ಒಪ್ಪಿಕೊಂಡ ಹಾಗಾಗುವುದಿಲ್ಲವಾ? ಓಡಿಸಿದವಳು ನಾನು ಅಂತ ಹೇಳಿ, ನಿಮ್ಮ ಹೆಸರು ತೆಗೆಸಿ, ನನ್ನ ಹೆಸರು ಹಾಕಿಸಿಕೊಂಡು ಬರುತ್ತೇನೆ ಅಂತ ಸೋಮವಾರ ಕೋಲಾರದ ಸಂಚಾರ ಠಾಣೆಗೆ ಹೋದೆ. ಠಾಣೆಯ ಮೆಟ್ಟಿಲು ಹತ್ತಿದ್ದು ಜೀವಮಾನದಲ್ಲಿ ಮೊದಲು.

ಕೌಂಟರಿನಲ್ಲಿ ಆಶಾರಾಣಿ ಅಂತ ಎದೆಯ ಮೇಲೆ ಹೆಸರಿದ್ದ ಚಿಕ್ಕ ಹುಡುಗಿ ಕೂತಿದ್ದಳು. ಗಾಡಿ ನಂಬರು ಹೇಳಿದೆ. ಕಂಪ್ಯೂಟರಿನಲ್ಲಿ ನೋಡಿ, "ಓನರ್ ಹೆಸ್ರೇನಮ್ಮಾ?" ಅಂದಳು. ಯಥಾಪ್ರಕಾರ ನಿಮ್ಮ ಕಾರ್ಡು ಮುಂದಕ್ಕೆ ತಳ್ಳಿದೆ. ಅವಳು ಕಾರ್ಡು ನೋಡಿದಳು, ಫೋಟೋ ನೋಡಿದಳು, ಕೆಟ್ಟ ಮನಸ್ಸಿನಿಂದಲ್ಲ, ಸುಮ್ಮನೆ ತಮಾಷೆಗೆ, "ಈ ಸಾರ್ ಯಾವಾಗ್ಲೂ ಹಿಂಗೇ ರ್ಯಾಶಾ? ವಯಸ್ಸಾದೋರು, ಮನೇಲಿ ನೀವಾದ್ರೂ ಬುದ್ಧಿ ಹೇಳ್ಬಾರ್ದಾ?" ಅಂದಳು.

ನನಗೆ ಎಲ್ಲಿತ್ತೋ ಸಿಟ್ಟು. "ಏನಮ್ಮಾ ಹಂಗಂತೀಯಾ? ಕೋದಂಡರಾಮಪ್ಪ ಅಂತಾರೆ ಅವ್ರನ್ನ. ಚಾಕಿ ಕೋದಂಡರಾಮಪ್ಪ ಅಂದ್ರೆ ಯಾರು ಅಂತ ತಾಯಲೂರಲ್ಲಿ ಯಾರನ್ನ ಬೇಕಾದ್ರೂ ಕೇಳು. ಹುಟ್ಟಿದಾಗಿಂದ ನಲವತ್ತು ದಾಟ್ಸಿದೋರಲ್ಲ ಅವ್ರು. ಗಾಡಿ ಓಡ್ಸಿದ್ದು ನಾನು. ಕೋದಂಡರಾಮಪ್ಪನ ಹೆಸರಿಗೆ ಮಸಿ ಬಳೀಬೇಡಿ."

ಠಾಣೆ ಪೂರ್ತಿ ತಿರುಗಿ ನೋಡಿತು. ನಾನು ಏನು ಅಂದೆ ಅನ್ನುವುದು ನನಗೆ ಆಮೇಲೆ ಕೇಳಿಸಿತು. ಒಂದು ಸಲವಲ್ಲ, ಮತ್ತೆ ಮತ್ತೆ ಅಂದಿದ್ದೆ. ಕೈಯಿಂದ ಬಾಯಿ ಮುಚ್ಚಿಕೊಂಡು ಅಲ್ಲೇ ಬೆಂಚಿನ ಮೇಲೆ ಕೂತೆ. ಆ ಹುಡುಗಿ ಎದ್ದು ಬಂದು ಪಕ್ಕದಲ್ಲಿ ಕೂತು, "ಸಾರ್ ಇಲ್ವಾಮ್ಮಾ?" ಅಂತ ಮೆತ್ತಗೆ ಕೇಳಿದಳು. ಇಲ್ಲ ಅಂದೆ.

ಅಷ್ಟು ಸುಲಭವಿತ್ತು ರೀ ಅದು. ಗಂಟಲಿನಲ್ಲಿ ಏನೂ ಅಡ್ಡ ಇರಲಿಲ್ಲ. ಹೊಸಿಲಲ್ಲಿ ಹೇಳಬಹುದಿತ್ತು, ಕೆರೆಯ ಅಂಗಳದಲ್ಲಿ ಹೇಳಬಹುದಿತ್ತು. ಆಸ್ಪತ್ರೆಯಲ್ಲಿ ಒಂದೇ ಒಂದು ಸಲ ಹೇಳಬಹುದಿತ್ತು. ನೀವು ಆಸೆಪಟ್ಟು ಕೇಳಿದ್ದನ್ನು ನಿಮಗೆ ಕೊಡದೆ, ಗುರುತು ಪರಿಚಯವಿಲ್ಲದ ಪೊಲೀಸು ಹುಡುಗಿಯ ಮುಂದೆ, ದಂಡದ ಜಗಳದಲ್ಲಿ ಸುರಿದು ಬಂದೆ. ಹೊರಗೆ ಬಂದು ಗಾಡಿಯಲ್ಲಿ ಕೂತು, ಗಾಜು ಏರಿಸಿಕೊಂಡು, ಹಿಂದಕ್ಕೆ ತಿರುಗಿ ಮತ್ತೆ ಕರೆದು ನೋಡಿದೆ. ತಟ್ಟೆಗಳಿದ್ದವು, ಅಷ್ಟೇ.

ನಿಮ್ಮ ಹೆಸರು ತೆಗೆಸಲು ಆಗಲಿಲ್ಲ. ಗಾಡಿ ಯಾರ ಹೆಸರಲ್ಲಿದೆಯೋ ರಸೀದಿಯೂ ಅವರ ಹೆಸರಿಗೇ ಅಂತೆ. ನೀವು ಮಾಡದ ಒಂದು ತಪ್ಪು ನಿಮ್ಮ ಲೆಕ್ಕದಲ್ಲಿ ಉಳಿಯಿತು, ನನ್ನನ್ನು ಕ್ಷಮಿಸಿ. "ಗಾಡಿ ನಿಮ್ಮ ಹೆಸ್ರಿಗೆ ಮಾಡಿಸ್ಕೊಳಿ ಅಮ್ಮಾ" ಅಂತ ಆಶಾರಾಣಿ ಬಾಗಿಲ ತನಕ ಬಂದು ಹೇಳಿದಳು. ಮೌನಿಕಾ ವರ್ಷದಿಂದ ಇದನ್ನೇ ಹೇಳುತ್ತಿದ್ದಾಳೆ. ನಿಮ್ಮ ಹೆಸರು ಅಳಿಸಿದ ಹಾಗಾಗುತ್ತದೆ ಅಂತ ನಾನೇ ಮುಂದೂಡಿಕೊಂಡು ಬಂದಿದ್ದೆ. ಈಗ ಮಾಡಿಸುತ್ತೇನೆ. ಇನ್ನು ಮುಂದೆ ಈ ಗಾಡಿ ಏನೇ ತಪ್ಪು ಮಾಡಿದರೂ ಸುನಂದಳ ಹೆಸರಿಗೇ ಬರಲಿ. ಹಿಂದಿನ ಕೆಂಪು ಅಕ್ಷರ ಮಾತ್ರ ಅಳಿಸುವುದಿಲ್ಲ.

ಮುನಿಯಲ್ಲಮ್ಮ ಸೊಪ್ಪು ಕತ್ತರಿಸಿಟ್ಟು ಕರೆಯುತ್ತಿದ್ದಾಳೆ, ಹುಳು ಹಸಿದಿವೆ. ಆ ದಿನ ನಿಮಗೆ ಹೋಗಿ ಬನ್ನಿ ಅಂತಲೂ ಹೇಳದೆ ಕಳಿಸಿಬಿಟ್ಟೆ. ಅದನ್ನು ಈಗ ಹೇಳುತ್ತಿದ್ದೇನೆ. ನೀವು ಹೋಗುವ ದಾರಿಯಲ್ಲಿ ಕುಲುಕು ಇಲ್ಲದಿರಲಿ, ಯಾರೂ ಹಿಂದಿನಿಂದ ಹಾರ್ನ್ ಮಾಡದಿರಲಿ. ನಾನು ಅವಸರ ಮಾಡುವುದಿಲ್ಲ, ಮುಖ ಊದಿಸಿಕೊಳ್ಳುವುದಿಲ್ಲ.

ಹೋಗಿ ಬನ್ನಿ, ಕೋದಂಡರಾಮಪ್ಪನವರೇ. ಮೆಲ್ಲಗೆ ಹೋಗಿ.

ನಿಮ್ಮ
ಸುನಂದ