ಮೈನಸ್ ಎಂಬತ್ತರಲ್ಲಿ ನಿನ್ನಮ್ಮ

ಮಟ್ಟಾಂಚೇರಿ
ಭಾನುವಾರ, ೧೪ ಸೆಪ್ಟೆಂಬರ್ ೨೦೨೫
ಊಟವಾದ ಮೇಲೆ

ಮೇಧಾ ಮಗಳಿಗೆ ಅಪ್ಪನ ಪ್ರೀತಿ,

ಅಲ್ಲ, ಚಪ್ಪಲಿಯ ಲೆಕ್ಕವೂ ಲೆಕ್ಕವೇ. ಅದು ಕೀಳು ಎಂದು ನಾನು ಹೇಳಲಿಲ್ಲ. ಯಾವ ಊರಿನವರು ಯಾವ ತಿಂಗಳಲ್ಲಿ ಯಾವ ಚಪ್ಪಲಿ ಕೊಳ್ಳುತ್ತಾರೆಂದು ಮುಂಚಿತವಾಗಿ ಹೇಳುವ ಆ ಕಂಪನಿಗೂ ನಿನ್ನಷ್ಟೇ ಓದಿದವರು ಬೇಕು ಎಂದು ನೀನೇ ನಿನ್ನೆ ವಿವರಿಸಿದೆ. ಆದರೆ ಅದರ ಬೆನ್ನಿಗೇ ಇನ್ನೊಂದು ಮಾತು ಹೇಳಿದೆಯಲ್ಲ, ಅಲ್ಲಿ ಲೆಕ್ಕ ತಪ್ಪಿದರೆ ಯಾರೂ ಸಾಯುವುದಿಲ್ಲ ಅಚ್ಛಾ ಅಂತ, ಇಲ್ಲಿನ ಮಕ್ಕಳು ಅಪ್ಪನನ್ನು ಕರೆಯುವ ಹಾಗೆ ಕರೆದು, ಅದಕ್ಕೆ ನಾನು ನಿನ್ನ ಚೀಲದ ಜಿಪ್ಪು ಎಳೆಯುತ್ತಾ ಕೂತೆ. ಅಷ್ಟರಲ್ಲಿ ನಿನ್ನ ರೈಲಿನ ಹೊತ್ತಾಯಿತು. ಫೋನಿನಲ್ಲಿ ಹೇಳೋಣವೆಂದರೆ ನೀನು ದುಃಖವಾದ ಕೂಡಲೇ ಇಂಗ್ಲಿಷಿಗೆ ಹಾರುತ್ತೀ. ನನ್ನ ಇಂಗ್ಲಿಷು ಬಿ.ಕಾಂ. ಕಾಲದ್ದು, 'ವಿತ್ ರೆಫರೆನ್ಸ್ ಟು ಯುವರ್ ಲೆಟರ್' ದಾಟಿದರೆ ಕಾಲು ಜಾರುತ್ತದೆ. ಆದ್ದರಿಂದ ಈ ಕಾಗದ. ಅಮ್ಮ ಕಲಿಸಿದ ಅಕ್ಷರಗಳಿವೆಯಲ್ಲ, ಕೂಡಿಸಿಕೊಂಡು ನಿಧಾನಕ್ಕೆ ಓದು. ಫೋನಿನ ಕ್ಯಾಮೆರಾ ಹಿಡಿದು ಓದಿಸಬೇಡ, ಮಾರಾಯ್ತಿ. ಹೋದ ಸಲ ಅದು ನನ್ನ ಕ್ಷೇಮ ಸಮಾಚಾರವನ್ನು ಯಾವುದೋ ಇನ್ಶೂರೆನ್ಸ್ ಮಾಡಿಬಿಟ್ಟಿತ್ತು.

ನೀನು ಬಿಟ್ಟುಹೋದ ಅರ್ಜಿ ನನ್ನ ಮುಂದೆಯೇ ಇದೆ. 'ಮೃತರ ಸಮೀಪ ಬಂಧು' ಎನ್ನುವ ಕಡೆ ಪೆನ್ಸಿಲಿನಿಂದ ಸಣ್ಣ ಗುರುತು ಹಾಕಿದ್ದೀ. ಅಲ್ಲಿ ನಾನು ಸಹಿ ಹಾಕಿದರೆ ತಿರುವನಂತಪುರದ ನಿಮ್ಮ ಸಂಸ್ಥೆಯ ಫ್ರೀಜರಿನಲ್ಲಿರುವ ನಿನ್ನಮ್ಮ ನಿರ್ಮಲಳ ಉಗುಳಿನ ಟ್ಯೂಬನ್ನು ನಾಶ ಮಾಡುತ್ತಾರೆ, ಕಂಪ್ಯೂಟರಿನಲ್ಲಿ ಅವಳ ವಿವರದ ಸಾಲನ್ನೂ ಅಳಿಸುತ್ತಾರೆ. ಆಮೇಲೆ ಶುಕ್ರವಾರದೊಳಗೆ ನೀನು ಆ ಖಾಯಂ ಹುದ್ದೆ ನನಗೆ ಬೇಡ ಎಂದು ಬರೆದುಕೊಟ್ಟು ಆ ಚಪ್ಪಲಿ ಕಂಪನಿಗೆ ಹೋಗುತ್ತೀ. ನಾನು ಅಲ್ಲಿಂದ ಹೋದ ಮೇಲೆ ಅಮ್ಮನನ್ನು ಗೊತ್ತಿಲ್ಲದವರು ಯಾರೋ ಮುಟ್ಟುವುದು ಬೇಡ ಎಂದು ನೀನು ಹೇಳಿದೆ. ಮಗಳಾದವಳ ಮಾತು ಅದು, ನನಗೆ ಅರ್ಥವಾಗುತ್ತದೆ.

ಆ ಫ್ರೀಜರ್ ಎಷ್ಟು ತಣ್ಣಗಿರುತ್ತದೆ ಎಂದು ನಾನು ಕೇಳಿದ್ದಕ್ಕೆ ನೀನು ಮೈನಸ್ ಎಂಬತ್ತು ಎಂದೆ. ಎ.ಸಿ. ಬಸ್ಸಿನಲ್ಲಿ ತಲೆಗೆ ಸೆರಗು ಹೊದ್ದು, ಕಂಡಕ್ಟರನನ್ನು ಮಗನೆಂದು ಕರೆದು 'ಮೋನೇ, ಅದನ್ನು ಸ್ವಲ್ಪ ಕಡಿಮೆ ಮಾಡು' ಎಂದು ಬೇಡಿಕೊಳ್ಳುತ್ತಿದ್ದ ಹೆಂಗಸು ನಿನ್ನಮ್ಮ.

ಅವಳು ಟ್ಯೂಬಿಗೆ ಉಗುಳಿದ ದಿನ ನೆನಪಿದೆಯೇ? ನಾನೂ ಅವಳೂ ನಿಮ್ಮೂರಿನ ಚಾಲೈ ಬೀದಿಯಲ್ಲಿ ಹಿತ್ತಾಳೆ ಚರಿಗೆ ಕೊಂಡು ಅಲ್ಲಿಂದ ನೇರವಾಗಿ ನಿನ್ನ ಲ್ಯಾಬಿಗೆ ಬಂದೆವು. ಅರವತ್ತು ದಾಟಿದ, ಕರಾವಳಿ ಮೂಲದ, ಕ್ಯಾನ್ಸರ್ ಇಲ್ಲದ ಹೆಂಗಸರು ನಿಮಗೆ ಸಾಕಷ್ಟು ಸಿಕ್ಕಿರಲಿಲ್ಲ. ಕಾಯಿಲೆಯವರ ಪಕ್ಕದಲ್ಲಿಟ್ಟು ಹೋಲಿಸಲು ಕಾಯಿಲೆ ಇಲ್ಲದವರು ಬೇಕು, ಅವರಿಗೆ ಕಂಟ್ರೋಲ್ ಎನ್ನುತ್ತೇವೆ ಎಂದು ನೀನು ಹೇಳಿದಾಗ ನಾನು, ನಿನ್ನಮ್ಮನನ್ನು ಈವರೆಗೆ ಯಾರು ಕಂಟ್ರೋಲ್ ಮಾಡಿದ್ದಾರೆ ಎಂದು ನಕ್ಕಿದ್ದೆ. ಬಸ್ಸಿನಲ್ಲಿ ಬಾಳೆಕಾಯಿ ಚಿಪ್ಸ್ ತಿಂದಿದ್ದಳೆಂದು ನೀನು ಅವಳನ್ನು ಅರ್ಧ ಗಂಟೆ ನೀರೂ ಇಲ್ಲದೆ ಬಾಯಿ ಮುಚ್ಚಿ ಕೂರಿಸಿದೆ. ನಮ್ಮ ಸಂಸಾರದಲ್ಲಿ ಅವಳು ಅಷ್ಟು ಹೊತ್ತು ಸುಮ್ಮನಿದ್ದದ್ದು ಅದೇ ಮೊದಲು. ಆಮೇಲೆ, ಮಗಳ ಆಫೀಸಿನಲ್ಲಿ ಉಗುಳುವುದೆಂದರೆ ಏನು ಮರ್ಯಾದೆ ಎಂದು ನಾಚಿಕೊಂಡಳು. ನಿನ್ನ ಜೊತೆಗಾರ ಸಂದೀಪ್ ಪಾಪ, ಗೋಡೆಯ ಕಡೆ ತಿರುಗಿ ನಿಂತ. ನೊರೆ ಲೆಕ್ಕಕ್ಕಿಲ್ಲ ಅಮ್ಮ, ಗೆರೆಯವರೆಗೆ ಬರಬೇಕು ಎಂದು ನೀನು ಗದರಿದೆ. ಅವಳು ಗೆರೆ ದಾಟಿಸಿ ಕೊಟ್ಟಳು. ಮಗಳಿಗೆ ಬಡಿಸುವುದರಲ್ಲಿ ಅವಳ ಕೈ ಯಾವತ್ತೂ ದೊಡ್ಡದು.

ನಿನ್ನ ಕೆಲಸವೇನೆಂದು ಊರಿನವರು ಕೇಳಿದರೆ ಅವಳ ಉತ್ತರ ಒಂದೇ: ರಕ್ತದ ಲೆಕ್ಕ ಬರೆಯುತ್ತಾಳೆ. ಸ್ಟಾಟಿಸ್ಟಿಕ್ಸ್ ಎಂದರೆ ನಾಲಿಗೆ ತೊಡರುತ್ತಿತ್ತು. ನನಗೂ ಮೀನ್, ಮೀಡಿಯನ್, ಮೋಡ್ ಎಂಬ ಮೂರು ಹೆಸರು ನೆನಪಿವೆ, ಮೂರನೆಯದು ಏನೆಂದು ಕೇಳಬೇಡ. ಆದರೆ ಪ್ರತಿ ಮಾರ್ಚ್ ತಿಂಗಳಲ್ಲಿ ನಿನ್ನ ಪ್ರಾಜೆಕ್ಟ್ ಮುಗಿಯುತ್ತದೋ ಮುಂದುವರಿಯುತ್ತದೋ ಎಂದು ಅವಳು ಮಂಗಳವಾರ ಉಪವಾಸ ಮಾಡುತ್ತಿದ್ದದ್ದು ನಿನಗೆ ಗೊತ್ತಿಲ್ಲ. ಪಿಎಚ್.ಡಿ. ಮುಗಿಸಿದವಳನ್ನು ವರ್ಷ ವರ್ಷವೂ ಹೀಗೆ ಬಾಗಿಲಲ್ಲಿ ನಿಲ್ಲಿಸುವ ವ್ಯವಹಾರ ಅವಳಿಗೆ ಅರ್ಥವಾಗುತ್ತಲೇ ಇರಲಿಲ್ಲ. ಖಾಯಂ ಆರ್ಡರು ಬಂದಾಗ ಅವಳಿರಲಿಲ್ಲ.

ಇರಲಿ. ನಿನ್ನೆ ನೀನು ನನ್ನನ್ನು ಒಂದು ಪ್ರಶ್ನೆ ಕೇಳಿದೆ. ಎರಡು ಸಲ ಕೇಳಿದೆ. ಅಮ್ಮ ತಪಾಸಣೆಗೆ ಹೋಗದೆ ಉಳಿದದ್ದು ನಾನು ಹೇಳಿದ ಸ್ಕೋರಿನಿಂದಲೇ ಅಲ್ಲವೇ ಅಚ್ಛಾ ಅಂತ. ನಾನು, ಛೆ ಛೆ, ಹಾಗೇನಿಲ್ಲ ಎಂದೆ. ಅದು ಸುಳ್ಳು ಮಗಳೇ.

ಆ ಸ್ಕೋರು ನೀನು ಎರಡು ವರ್ಷದ ಹಿಂದೆ ಓಣಂ ರಜೆಗೆ ಬಂದಾಗ ಅಡುಗೆಮನೆಯಲ್ಲಿ ಹೇಳಿದ್ದು. ಮಾದರಿ ಕೊಟ್ಟವರಿಗೆ ಅವರವರ ವಂಶವಾಹಿ ನೋಡಿ ಹಾಕಿದ ಅಂಕ ತಿಳಿಸಬಾರದು ಎಂದು ನಿಮ್ಮಲ್ಲಿ ನಿಯಮ. ಆದರೂ ಅಮ್ಮನಿಗೆ ಸಂತೋಷವಾಗಲಿ ಎಂದು ಹೇಳಿಬಿಟ್ಟೆ. ಸ್ತನದ ಕ್ಯಾನ್ಸರ್ ಬರುವ ಸಂಭವದಲ್ಲಿ ನೀನು ಕೆಳಗಿನ ಹತ್ತು ಪರ್ಸೆಂಟಿನಲ್ಲಿದ್ದೀ ಎಂದೆ. ಹಾಗೆಂದು ಬರುವುದೇ ಇಲ್ಲವೆಂದಲ್ಲ, ಈ ಅಳತೆಗೋಲು ಯುರೋಪಿನವರ ರಕ್ತ ನೋಡಿ ಮಾಡಿದ್ದು, ನಮ್ಮ ಕಡೆಯವರಿಗೆ ಎಷ್ಟು ಹೊಂದುತ್ತದೆಂದು ಇನ್ನೂ ಗೊತ್ತಿಲ್ಲ, ಅದಕ್ಕೇ ಇಷ್ಟು ಜನರ ಉಗುಳು ಕೂಡಿಸುತ್ತಿರುವುದು ಎಂದೂ ಹೇಳಿದೆ. ಹೇಳಿದೆ, ನಾನು ಸಾಕ್ಷಿ. ಅವಳ ಕಿವಿಗೆ ಬಿದ್ದದ್ದು ಹತ್ತು ಮಾತ್ರ. ತನಗೇ ರ್‍ಯಾಂಕ್ ಬಂದವಳಂತೆ ಜೆಟ್ಟಿಯಲ್ಲಿ, ದೇವಸ್ಥಾನದಲ್ಲಿ, ಮೀನಿನವಳ ಬುಟ್ಟಿಯ ಮುಂದೆ ಹೇಳಿಕೊಂಡು ಬಂದಳು.

ಅದಾಗಿ ಜನವರಿಯಲ್ಲಿ ವಿಲ್ಲಿಂಗ್ಡನ್ ಐಲ್ಯಾಂಡಿನ ನಮ್ಮ ಹಳೇ ಕ್ವಾರ್ಟರ್ಸಿನ ಹೆಂಗಸರು ಸೇರಿ ಸ್ತನದ ತಪಾಸಣೆಯ ಕ್ಯಾಂಪ್ ಇಟ್ಟರು. ಕೆಳಗಿನ ಮನೆಯ ಮಂಗಳೂರಿನ ಫಾತಿಮಾ ಮೆಟ್ಟಿಲಿನಿಂದಲೇ ಕೂಗಿದಳು, ಬನ್ನಿ ಅಕ್ಕ, ಆಟೋ ಕಾಯ್ತಾ ಉಂಟು ಅಂತ. ನಿನ್ನಮ್ಮ ಸೌಟು ಹಿಡಿದುಕೊಂಡೇ ಬಾಗಿಲಿಗೆ ಬಂದು, ನೀ ಹೋಗ್ ಮಾರಾಯ್ತಿ, ನಂಗೆಂತ ಬತ್ತಿಲ್ಲೆ, ಮಗಳು ನನ್ನ ಉಗುಳ್ ಕಂಡೇ ಹೇಳಿತ್ ಎಂದಳು. ಫಾತಿಮಾ, ಅಯ್ಯೋ ದೊಡ್ಡ ಜ್ಯೋತಿಷಿಯ ತಾಯಿ ಎಂದು ನಗುತ್ತಾ ಇಳಿದುಹೋದಳು. ನಾನು ಪೇಪರ್ ಓದುತ್ತಿದ್ದೆ. ಹೋಗು ಎನ್ನಲಿಲ್ಲ. ನಾನೂ ನಂಬಿದ್ದೆ.

ಗಂಟು ಗೊತ್ತಾಗುವ ಹೊತ್ತಿಗೆ ಅದು ಎಲುಬಿಗೆ ಇಳಿದಿತ್ತು. ಮುಂದಿನದನ್ನು ನಾವಿಬ್ಬರೂ ನೋಡಿದ್ದೇವೆ.

ಇದನ್ನು ಬರೆಯಬೇಕೇ ಬೇಡವೇ ಎಂದು ಬೆಳಗ್ಗೆಯಿಂದ ಒಳಗೂ ಹೊರಗೂ ಓಡಾಡಿದೆ. ಕೊನೆಗೆ ಅನ್ನಿಸಿತು, ಬೇರೆಯವರ ಮಗಳಿಗಾದರೆ ಸಮಾಧಾನದ ಸುಳ್ಳು ಸಾಕು. ಸುಳ್ಳು ಉತ್ತರಗಳಿಂದ ಲೆಕ್ಕ ಹೇಗೆ ಕೆಡುತ್ತದೆ ಎಂದು ಹಗಲಿಡೀ ನೋಡುವವಳು ನೀನು. ನನ್ನ ಛೆ ಛೆಯನ್ನು ನೀನು ಒಂದು ನಿಮಿಷವೂ ನಂಬಲಿಲ್ಲ. ಹೌದು, ಅವಳು ನಿನ್ನನ್ನು ನಂಬಿಯೇ ಹೋಗಲಿಲ್ಲ. ಆಸ್ಪತ್ರೆಯಲ್ಲಿ ನಾನು ಅವಳನ್ನು ಕೇಳಿದೆ, ಮೇಧಾಳ ಮೇಲೆ ಬೇಜಾರುಂಟಾ ಅಂತ. ಏನು ಪ್ರಶ್ನೆ ಎನ್ನುವ ಹಾಗೆ ನನ್ನನ್ನು ನೋಡಿದಳು. ಉತ್ತರ ಕೊಡಲಿಲ್ಲ. ಆಗ ಅವಳಿಗೆ ಮಾತು ಕಷ್ಟವಾಗಿತ್ತು. ಬೇಜಾರಿಲ್ಲ ಎಂದಳು ಎಂದು ನಾನು ಇಲ್ಲಿ ಬರೆಯಬಹುದಿತ್ತು, ಬರೆಯುವುದಿಲ್ಲ.

ಇನ್ನು ಆ ಸೊನ್ನೆಯ ವಿಷಯ. ನಿಮ್ಮ ಕಂಪ್ಯೂಟರಿನಲ್ಲಿ ಕಾಯಿಲೆ ಇದ್ದವರ ಮುಂದೆ ಒಂದು, ಇಲ್ಲದವರ ಮುಂದೆ ಸೊನ್ನೆ. ಅಮ್ಮನ ಮುಂದೆ ಇವತ್ತಿಗೂ ಸೊನ್ನೆಯೇ ಇದೆ, ಅವಳು ಹೋಗಿ ಏಳು ತಿಂಗಳಾದರೂ ಅದನ್ನು ತಿದ್ದಲು ಕೈ ಬರಲಿಲ್ಲ ಎಂದು ನೀನು ಹೇಳಿದಾಗ ಚಹಾ ಲೋಟ ನನ್ನ ಕೈಯಲ್ಲೇ ಉಳಿಯಿತು. ಹೇಳಿದರೆ ಹುಚ್ಚೆನ್ನುತ್ತೀಯೇನೋ, ನನಗೆ ಒಂದು ಗಳಿಗೆ ಸಂತೋಷವಾಯಿತು. ಅಸ್ಥಿಯನ್ನು ಸಮುದ್ರಕ್ಕೆ ಬಿಟ್ಟಾಯಿತು, ಸೀರೆಗಳನ್ನು ಕೊಟ್ಟಾಯಿತು, ಆದರೆ ತಿರುವನಂತಪುರದ ಒಂದು ಕೋಣೆಯಲ್ಲಿ ನಿರ್ಮಲ ಇನ್ನೂ ಆರೋಗ್ಯವಾಗಿದ್ದಾಳೆ! ರಾತ್ರಿ ಮಲಗುವಾಗಲೂ ಅದನ್ನೇ ಮೆಲುಕು ಹಾಕಿದೆ.

ಬೆಳಗ್ಗೆ ಎದ್ದಾಗ ಆ ಸಂತೋಷ ಹಳಸಿತ್ತು. ಆ ಸಾಲು ಹಾಗೆಯೇ ಇದ್ದರೆ ನಿಮ್ಮ ಯಂತ್ರ ಏನು ಕಲಿಯುತ್ತದೆ? ಇಂಥ ರಕ್ತದವರಿಗೆ ಭಯವಿಲ್ಲ ಎಂದು ತಾನೇ? ಇನ್ಯಾವಳೋ ಮಗಳು ಅದನ್ನು ನಂಬಿ ಇನ್ಯಾವಳೋ ತಾಯಿಗೆ ಹೇಳುತ್ತಾಳೆ. ಸಾಲನ್ನೇ ಅಳಿಸಿದರೆ ಅದು ಏನನ್ನೂ ಕಲಿಯುವುದಿಲ್ಲ, ನಿರ್ಮಲ ಎನ್ನುವವಳು ಬಂದೂ ಇಲ್ಲ, ಉಗುಳಿಯೂ ಇಲ್ಲ, ಸತ್ತೂ ಇಲ್ಲ. ಗೆರೆ ದಾಟಿಸಿ ಕೊಟ್ಟವಳಿಗೆ ಇದು ನ್ಯಾಯವಲ್ಲ.

ಆದ್ದರಿಂದ ಆಫ್ಟರ್ ಡ್ಯೂ ಕನ್ಸಿಡರೇಶನ್, ನಾನು ಸಹಿ ಹಾಕುವುದಿಲ್ಲ. ಅರ್ಜಿಯನ್ನು ಹಾಗೆಯೇ ವಾಪಸು ಕಳಿಸುತ್ತಿದ್ದೇನೆ. ಮನೆಯವರು ಆಸ್ಪತ್ರೆಯ ವರದಿ ಕೊಟ್ಟರೆ ನಿಯಮದ ಪ್ರಕಾರ ಅದೇ ದಿನ ತಿದ್ದಬಹುದು ಎಂದೆಯಲ್ಲ, ಅದರ ಪ್ರತಿ ಇದರ ಜೊತೆಗಿದೆ. 'ಟ್ರೂ ಕಾಪಿ' ಎಂದು ನಾನೇ ಬರೆದು ಸಹಿ ಮಾಡಿದ್ದೇನೆ. ಆಫೀಸಿನಲ್ಲಿ ಇಡೀ ಜೀವಮಾನ ಬರೆದ ಶಬ್ದ, ಇವತ್ತು ಕಾಪಿಯ ಬಾಲ ಸೊಟ್ಟಗಾಯಿತು.

ಆ ಸೊನ್ನೆಯನ್ನು ಒಂದು ಮಾಡು ಮೇಧಾ. ಸಂದೀಪನ ಕೈಯಲ್ಲಿ ಮಾಡಿಸಬೇಡ, ನೀನೇ ಮಾಡು. ಆಮೇಲೆ ಹುದ್ದೆಯೋ ಚಪ್ಪಲಿಯೋ, ನಿನಗೆ ಬಿಟ್ಟಿದ್ದು. ಟ್ಯೂಬಿನ ಮೇಲೆ ಮಾತ್ರ ನನ್ನ ಅಧಿಕಾರ, ನಿನ್ನ ಮೇಲಲ್ಲ. ಆದರೆ ಗೊತ್ತಿಲ್ಲದವರು ಅವಳನ್ನು ಮುಟ್ಟಬಾರದು ಎನ್ನುವುದಾದರೆ, ಗೊತ್ತಿರುವವರು ಒಬ್ಬರು ಅಲ್ಲಿ ಇರಬೇಕಾಗುತ್ತದೆ. ನಾನು ಇಷ್ಟೇ ಹೇಳಬಲ್ಲೆ.

ಇನ್ನೂ ಏನೋ ಇತ್ತು, ಫಾತಿಮಾ ಕೊಟ್ಟ ಉಪ್ಪಿನಕಾಯಿಯ ವಿಷಯ, ಅಡುಗೆಮನೆಯ ನಲ್ಲಿಯ ವಿಷಯ. ಅಕ್ಷರಗಳು ಒಂದರ ಮೇಲೊಂದು ಹತ್ತುತ್ತಿವೆ. ಕಣ್ಣು ಮಂಜಾಯಿತೆಂದುಕೊಂಡೆ. ಅಲ್ಲ, ದೀಪ ಹಾಕದೆ ಕೂತಿದ್ದೇನೆ. ಕಿಟಕಿಯಲ್ಲಿ ಬೆಳಕು ಹೋಗುತ್ತಿದೆ.

ನಿನ್ನ ಅಪ್ಪ,
ಕೃಷ್ಣಾನಂದ

ತಾಜಾ ಕಲಂ: ದೀಪ ಹಾಕಿಕೊಂಡು ಇದೊಂದನ್ನು ಸೇರಿಸುತ್ತಿದ್ದೇನೆ. ನನ್ನ ಪೆನ್ಶನ್ ದಾಖಲೆಯಲ್ಲಿ ಈಗಲೂ 'ಪತ್ನಿ: ನಿರ್ಮಲ' ಎಂದೇ ಇದೆ. ಬ್ಯಾಂಕಿನಲ್ಲಿರುವ ಶಿವಮೊಗ್ಗದ ವೆಂಕಟರಮಣ ಪ್ರತಿ ಸಲ ಮರಣ ಪ್ರಮಾಣಪತ್ರ ಕೇಳುತ್ತಾನೆ, ಕಾರ್ಪೊರೇಷನ್ನಿನಿಂದ ಇನ್ನೂ ಬಂದಿಲ್ಲ ಎನ್ನುತ್ತೇನೆ. ಅದು ಮಾರ್ಚಿನಿಂದಲೇ ನನ್ನ ಅಂಗಿಗಳ ಕೆಳಗಿದೆ. ಗುರುವಾರ ಬ್ಯಾಂಕು ತೆರೆಯುತ್ತಲೇ ತೆಗೆದುಕೊಂಡು ಹೋಗುತ್ತೇನೆ. ನೀನೂ ಅದೇ ಹೊತ್ತಿಗೆ ನಿನ್ನ ಕಂಪ್ಯೂಟರಿನ ಮುಂದೆ ಕೂತುಕೋ. ಒಬ್ಬೊಬ್ಬರೇ ಮಾಡುವುದು ಬೇಡ.