ಯಂತ್ರಕ್ಕೆ ಇಟ್ಟ ಹೂವು

ಅಲ್ ಮಬೇಲಾ, ಶುಕ್ರವಾರ

ಮಗಳೇ ಸೌಮ್ಯಶ್ರೀ,

ನನ್ನ ಯಂತ್ರ ಮರಳಿ ಬಂತು. ನಾನು ಬಾಡಿಗೆಗಿದ್ದ ಶೆಡ್ಡಿನ ಯಜಮಾನ ಕಳ್ಳಮಾಲಿನ ಕೇಸಿನಲ್ಲಿ ಸಿಕ್ಕಿದಾಗ ಪೊಲೀಸರು ಒಳಗಿದ್ದದ್ದನ್ನೆಲ್ಲ ಜಪ್ತಿ ಮಾಡಿದ್ದರಲ್ಲ. ನನ್ನ ಮೇಲೆ ಕೇಸಿಲ್ಲ. ಆದರೂ ಮರ ಕೊಯ್ಯುವ ಯಂತ್ರ ನನ್ನದೆಂದು ನಾನೇ ತೋರಿಸಬೇಕಿತ್ತು. ರಶೀದಿ ಎಂದೋ ಕಳೆದಿತ್ತು. ನಾನು ವರ್ಷವರ್ಷವೂ ನಿನಗೆ ಕಳಿಸುತ್ತಿದ್ದ ಆಯುಧಪೂಜೆಯ ಫೋಟೋಗಳನ್ನು, ಒಂಬತ್ತು ವರ್ಷದವನ್ನೂ, ನೀನು ಹುಡುಕಿ ಕಳಿಸಿದೆಯಲ್ಲ, ಅವನ್ನೇ ಇಲ್ಲಿಯ ಅರಬ್ ಅಧಿಕಾರಿಯ ಮುಂದಿಟ್ಟೆ.

"ಯಂತ್ರಕ್ಕೆ ಹಾರ ಯಾಕೆ?" ಎಂದರು.

"ಅನ್ನ ಕೊಡ್ತದಲ್ಲ ಸಾರ್," ಎಂದೆ. ನಕ್ಕು ಸಹಿ ಹಾಕಿದರು.

ಅದೇ ಶೆಡ್ಡಿನಲ್ಲಿ ನನ್ನ ಪಕ್ಕ ಕೆಲಸ ಮಾಡುತ್ತಿದ್ದ ಮಹಮೂದನ ವೆಲ್ಡಿಂಗ್ ಯಂತ್ರಕ್ಕೂ ನಾನು ಪ್ರತಿವರ್ಷ ಹೂವಿಡುತ್ತಿದ್ದೆ. "ನನ್ನದಕ್ಕೂ ಹೂವಾ ಬೋಜಣ್ಣ, ಅದು ಕೇಳಿತಾ?" ಎಂದು ಅವನು ಕಿಚಾಯಿಸುತ್ತಿದ್ದ. ಅದೇ ಫೋಟೋಗಳಿಂದ ಅವನದೂ ಬಿಡುಗಡೆಯಾಯಿತು.

ಫೋಟೋಗಳನ್ನು ಜೋಪಾನವಾಗಿಡು. ಇವತ್ತು ಹೊಸ ಶೆಡ್ಡಿನಲ್ಲಿ ಎರಡೂ ಯಂತ್ರಗಳು ಒಟ್ಟಿಗೆ ಓಡಿದವು. ಆ ಸದ್ದಿಗೆ ಒಬ್ಬರ ಮಾತು ಒಬ್ಬರಿಗೆ ಕೇಳಿಸದೆ, ನಾವಿಬ್ಬರೂ ಸುಮ್ಮನೆ ನಗುತ್ತ ಕೆಲಸ ಮಾಡಿದೆವು.

ನಿನ್ನ
ಬೋಜಮಾವ