ಸೂತಕ ಮೇಳದ ಒಂದೇ ಕ್ಯಾಸೆಟ್ಟು

ಶಾಖಶಕ ೨೧೪, ಎರಡನೆಯ ಮೇ ತಿಂಗಳ ಮೂವತ್ತೇಳನೆಯ ದಿನ
ಭದ್ರಾವತಿ ತಂಪುನೆಲೆ

ಸೂತಕ ಮೇಳದ ನಾಲ್ವರು ಹಿರಿಯರಿಗೆ ಮಾಳಮ್ಮ ಮಾಡುವ ನಮಸ್ಕಾರಗಳು.

ನಿಮ್ಮ ಕ್ಯಾಲೆಂಡರಿನಲ್ಲಿ ಇಂಥ ದಿನವಿಲ್ಲವೆಂದು ಬಲ್ಲೆ. ಬಿಸಿಲು ತಾಳಲಾರದಷ್ಟಾದ ವರ್ಷದಿಂದ ನಾವು ಶಾಖಶಕ ಎಣಿಸುತ್ತೇವೆ. ನಮ್ಮ ಬೇಸಿಗೆ ಏಳು ತಿಂಗಳು ಹಿಡಿಯುವುದರಿಂದ ಮೇ ಎರಡು ಸಲ ಬರುತ್ತದೆ, ಎರಡನೆಯದು ಮೂವತ್ತೊಂದಕ್ಕೆ ಮುಗಿಯುವುದೂ ಇಲ್ಲ. ನಿಮ್ಮ ಕಾಲದ ಕನ್ನಡವನ್ನು ಹಳೆಯ ಪುಸ್ತಕಗಳಿಂದ ಕಲಿತವಳು ನಾನು, ಮಾತು ವಿಚಿತ್ರವೆನಿಸಿದರೆ ಮನ್ನಿಸಿ. ಈ ಪತ್ರ ನಿಮಗೆ ಹೇಗೆ ತಲುಪೀತೆಂದು ಮಾತ್ರ ಕೇಳಬೇಡಿ, ಅದು ನನಗೂ ಗೊತ್ತಿಲ್ಲ. ಆದರೂ ಬರೆಯದೆ ಇರಲಾರೆ.

ತಂಪುನೆಲೆ ಎಂದರೆ ನೆಲದಡಿಯ ಊರು. ಬಿಸಿಲು ಏರಿದೊಡನೆ ಪಾತ್ರೆ, ಹಾಸಿಗೆ, ಕೋಳಿಗಳ ಸಮೇತ ಕೆಳಗಿಳಿಯುತ್ತೇವೆ. ಇಲ್ಲಿಯ ಉದ್ದನೆಯ ಸುರಂಗಗಳಲ್ಲಿ ಅವಸರದ ಸಂಗೀತ ಬದುಕುವುದಿಲ್ಲ. ಒಂದು ಪೆಟ್ಟಿನ ಸದ್ದು ಕೊನೆಯ ಗೋಡೆ ಮುಟ್ಟಿ ಹಿಂದಿರುಗುವ ಮೊದಲೇ ಇನ್ನೊಂದು ಪೆಟ್ಟು ಬಿದ್ದರೆ ಎಲ್ಲವೂ ಕಲಸುಮೇಲೋಗರ. ಹೀಗಾಗಿ ಉಳಿದದ್ದು ನಿಮ್ಮ ಸಂಗೀತವೊಂದೇ. ನೀವು ಡೂಮ್ ಮೆಟಲ್ ಎಂದು ಕರೆದ ಆ ಭಾರದ, ನಿಧಾನದ ಗಿಟಾರು ಸಂಗೀತವನ್ನು ನಾವು ಮಂದಲೋಹ ಎನ್ನುತ್ತೇವೆ. ಕಲಿಯಲು ಬಂದವರು ಮೊದಲ ವರ್ಷವೆಲ್ಲ ಗಿಟಾರಿನ ದಪ್ಪ ತಂತಿಯನ್ನು ಒಂದು ಸಲ ಮೀಟಿ, ಆ ನಾದ ಪೂರ್ತಿ ಆರುವವರೆಗೆ ಸುಮ್ಮನೆ ಕೂರಬೇಕು. ಅರ್ಧಕ್ಕರ್ಧ ಜನ ಬೇಸತ್ತು ಅಣಬೆ ಬೆಳೆಯಲು ಹೋಗುತ್ತಾರೆ, ಪಾಪ. ಉಳಿದವರು ನುಡಿಸಿದಾಗ ಎದೆಗೂಡು ನಡುಗುತ್ತದೆ, ಮಾಡಿನಿಂದ ಮಣ್ಣು ಉದುರುತ್ತದೆ, ಅಳುವ ಕೂಸುಗಳು ಬಾಯಿ ಮುಚ್ಚುತ್ತವೆ.

ನಿಮ್ಮಿಂದ ನಮಗೆ ಬಂದದ್ದು ಒಂದೇ ಕ್ಯಾಸೆಟ್ಟು, ಒಂದೇ ಹಾಡು. ಚೀಟಿಯ ಮೇಲೆ 'ಸೂತಕ, ಡೂಮ್ ಮೆಟಲ್, ಭದ್ರಾವತಿ' ಎಂದಿದೆ. ಅದರ ಕೆಳಗೆ, 'ಹಿರಿಯರ ದಾರಿ ಬಿಡುವುದಿಲ್ಲ, ಅವಸರ ಮಾಡುವುದಿಲ್ಲ' ಎಂದು ಕೈಬರಹ. ನಾಲ್ಕು ಹೆಸರುಗಳಿದ್ದ ಜಾಗವನ್ನು ತೇವ ತಿಂದುಹಾಕಿದೆ. ವರ್ಷಕ್ಕೊಮ್ಮೆ ಮಾತ್ರ, ಬೇಸಿಗೆಯ ನಡುಮಧ್ಯಾಹ್ನ ಅದನ್ನು ಹಾಕುತ್ತೇವೆ. ಏಳು ಸಾವಿರ ಜನ ಉಸಿರು ಬಿಗಿಹಿಡಿದು ಕೇಳುತ್ತಾರೆ. ಮರುದಿನ ನಮ್ಮ ಮೇಳ ಅದನ್ನೇ ಒಂದಿಷ್ಟೂ ಬದಲಿಸದೆ ನುಡಿಸುತ್ತದೆ.

ಹಾಡಿನ ದನಿ ಪಾತಾಳದ್ದು. ಆ ಆಳ ಮುಟ್ಟಲು ನಮ್ಮ ಗುರು ಹಾಲಸ್ವಾಮಿಯವರು ಅರವತ್ತು ವರ್ಷ ಗಂಟಲು ಸವೆಸಿದರು. ಹೆಂಗಸಿನ ಗಂಟಲಿಗೆ ಅದು ಎಟುಕದೆಂದು ಹೆಂಗಸರು ಹಾಡಬಾರದೆಂಬ ಕಟ್ಟಳೆಯೂ ಹುಟ್ಟಿತು. ಹದಿನಾರರಲ್ಲಿ ಹಾಡುತ್ತೇನೆಂದು ಹೋದ ನನ್ನ ಕೈಗೆ ಕ್ಯಾಸೆಟ್ ಪೆಟ್ಟಿಗೆಯ ಕೀಲಿ ಕೊಟ್ಟು ಕೂರಿಸಿದರು. ಈಗ ನನಗೆ ಐವತ್ತೊಂದು. ಹೊಟ್ಟೆ ಉರಿಯಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಆ ದನಿಯ ಮುಂದೆ ನನ್ನ ಸಿಟ್ಟೂ ತಲೆ ತಗ್ಗಿಸುತ್ತಿತ್ತು.

ಮೊನ್ನೆ ಕ್ಯಾಸೆಟ್ ಯಂತ್ರದ ಬೆಲ್ಟು ತುಂಡಾಯಿತು. ಹಿಂದೆ ಯಾವ ಪುಣ್ಯಾತ್ಮ ಹಾಕಿದ್ದನೋ, ಅಳತೆಗಿಂತ ದೊಡ್ಡದು, ಸಡಿಲ. ನಾನು ಗಾಲಿಗೆ ಸರಿಯಾಗಿ ಕೂರುವಂಥದ್ದನ್ನು ಕತ್ತರಿಸಿ ಹಾಕಿ, ಪರೀಕ್ಷೆಗೆಂದು ಗುಂಡಿ ಒತ್ತಿದೆ.

ಹಾಡುತ್ತಿದ್ದವಳು ಹೆಂಗಸು.

ಇಷ್ಟು ಕಾಲ ಸಡಿಲ ಬೆಲ್ಟು ಜಾರಿ ಟೇಪು ನಿಧಾನ ತಿರುಗುತ್ತಿತ್ತು, ದನಿ ಅದಕ್ಕೇ ಪಾತಾಳಕ್ಕೆ ಇಳಿದಿತ್ತು. ಸರಿಯಾದ ವೇಗದಲ್ಲೂ ಹಾಡು ನಿಧಾನವೇ, ಭಾರವೇ, ಆದರೆ ದನಿ ಎದೆ ತುಂಬಿದ ಒಬ್ಬ ಹೆಣ್ಣಿನದು. ಹಾಡಿನ ನಡುವೆ ಒಂದು ಕೋಣದ ಗುಟುರು ಬರುತ್ತದೆ, ಅದನ್ನು ಕಲಿಯಲೆಂದೇ ನಮ್ಮ ಹುಡುಗರು ಮೂರು ವರ್ಷ ತೆಗೆದುಕೊಳ್ಳುತ್ತಾರೆ. ಅದು ಗುಟುರಲ್ಲ ತಾಯಿ, ನಿಮ್ಮ ಕೆಮ್ಮು! ಕಡೆಯಲ್ಲಿ ಶಾಪವೆಂದು ನಾವು ಕೈಮುಗಿಯುತ್ತಿದ್ದುದು ನಿಮ್ಮ ನಗು. ನಾನು ಅತ್ತೆ, ನಕ್ಕೆ, ಮತ್ತೆ ಅತ್ತೆ.

ಗುರುಗಳಿಗೆ ಹೇಗೆ ಹೇಳುವುದೆಂದು ಎರಡು ದಿನ ಒದ್ದಾಡಿದೆ. ಕೊನೆಗೆ ಯಂತ್ರವನ್ನೇ ಅವರ ಮಂಚದ ಬಳಿ ಒಯ್ದೆ. ಮೂರು ಸಲ ಹಾಕಿಸಿಕೊಂಡು ಕೇಳಿದರು. ತಾವೇ ಯಂತ್ರ ಆರಿಸಿ ಹೇಳಿದರು. "ಅಲ್ಲ ಕಣಮ್ಮ, ನಾನು ಇಷ್ಟು ವರ್ಷ ಗಂಟಲು ಹರ್ಕೊಂಡಿದ್ದು ಒಂದು ಸಡಿಲ ಬೆಲ್ಟಿಗಾ?" ಅವರು ನನ್ನ ಕೈ ಹಿಡಿದು, "ಇರ್ಲಿ ಬಿಡು. ನಿನ್ನ ಬಾಯಿ ಮುಚ್ಚಿಸಿದ್ದೂ ಅದೇ ಬೆಲ್ಟು, ಅದನ್ನ ನಂಬಿದ್ದು ನಾನು. ನಾಳೆ ಮೇಳದಲ್ಲಿ ನೀನು ಹಾಡು," ಎಂದರು.

ನಾಳೆ ಹಾಡುತ್ತೇನೆ. ನಡೆ ಮಾತ್ರ ನಮ್ಮದೇ ಇರಲಿ, ಈ ಗೋಡೆಗಳಿಗೆ ಅದೇ ಒಗ್ಗಿದೆ. ದನಿ ನನ್ನದು. ನೆಲದ ಮೇಲೆ ಎಲ್ಲೋ ಒಂದು ಕೋಣೆಯಲ್ಲಿ ನಾಲ್ಕು ಜನ ಕೂಡಿ ನುಡಿಸಿದ್ದು ಇನ್ನೂರು ವರ್ಷ ಒಂದು ಊರನ್ನೇ ಉಸಿರಾಡಿಸಿತಲ್ಲ ಎಂದು ನೆನೆದರೆ ಮೈ ಜುಮ್ಮೆನ್ನುತ್ತದೆ.

ಹಾಡಿದ ಅಕ್ಕಾ, ನಿಮ್ಮಲ್ಲಿ ಒಂದೇ ಕೋರಿಕೆ. ಈ ಪತ್ರ ಮುಟ್ಟುವಾಗ ನೀವಿನ್ನೂ ರೆಕಾರ್ಡ್ ಮಾಡಿರದಿದ್ದರೆ, ಮೊದಲ ಪೆಟ್ಟು ಬೀಳುವ ಮುಂಚೆ ಮೈಕಿನ ಹತ್ತಿರ ಬಂದು ನಿಮ್ಮ ಹೆಸರು ಹೇಳಿಬಿಡಿ. ಎಷ್ಟು ನಿಧಾನವಾಗಿ ಕೇಳಿಸಿದರೂ ಸರಿ, ನಾವು ಕಾಯುತ್ತೇವೆ.

ನಿಮ್ಮ,
ಮಾಳಮ್ಮ